ನೀರಿಗೆ ಎದುರಾಗಿ ಸಾಗುವ ದಾರಿ: ವಾಹನಗಳಲ್ಲಿ ನಾಡು ಸುತ್ತುವ ತರುಣ ಮಿತ್ರರಿಗೊಂದು ಬಹಿರಂಗ ಪತ್ರ

ಮಾನ್ಯ ಮಿತ್ರರೇ,

ಶನಿವಾರದ ನಸುಕಿನಲ್ಲಿಯೇ ಬೆಂಗಳೂರನ್ನು ಬಿಟ್ಟು, ತುಮಕೂರು ಚಿತ್ರದುರ್ಗಗಳನ್ನು ದಾಟಿ, ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿನ್ನುವಷ್ಟು ಹೊತ್ತು ಮಾತ್ರ ನಿಂತು, ಮತ್ತೆ ಹೆದ್ದಾರಿ ಹಿಡಿದು ಘಟ್ಟದ ಕಡೆಗೆ ಧಾವಿಸುವ ನಿಮ್ಮ ತಂಡಗಳನ್ನು ನಮ್ಮ ದಾವಣಗೆರೆ ಜಿಲ್ಲೆಯ ಜನ ಬಹುಕಾಲದಿಂದ ನೋಡುತ್ತ ಬಂದಿದ್ದಾರೆ. ಆಗುಂಬೆಯ ತಿರುವುಗಳನ್ನೂ ಕೊಡಚಾದ್ರಿಯ ಮಂಜನ್ನೂ ಅರಸಿ ಹೋಗುವುದರಲ್ಲಿ ತಪ್ಪೇನೂ ಇಲ್ಲ. ಯೌವನಕ್ಕೆ ಗಿರಿಶಿಖರಗಳ ಆಕರ್ಷಣೆ ಸಹಜವಾದದ್ದು. ಆದರೆ ಆ ಹೆದ್ದಾರಿಯ ಎರಡು ಮಗ್ಗುಲಲ್ಲಿಯೂ ನೀವು ಕಣ್ಣೆತ್ತಿ ನೋಡದೆ ಬಿಟ್ಟುಹೋಗುವ ಭೂಭಾಗದಲ್ಲಿ, ಜಗಳೂರಿನಿಂದ ಮೊದಲ್ಗೊಂಡು ಚನ್ನಗಿರಿ ಹೊನ್ನಾಳಿಗಳ ಮೂಲಕ ನ್ಯಾಮತಿಯವರೆಗೆ ಒಂದು ದಾರಿ ಉಂಟೆಂಬುದನ್ನೂ, ಬಯಲುಸೀಮೆಯು ಮಲೆನಾಡಾಗಿ ಮಾರ್ಪಡುವ ಪರಿಯನ್ನು ಆ ದಾರಿಯಷ್ಟು ಸ್ಪಷ್ಟವಾಗಿ ತೋರಿಸುವ ಮತ್ತೊಂದನ್ನು ನಾನು ಕಂಡಿಲ್ಲವೆಂಬುದನ್ನೂ ನಿಮಗೆ ತಿಳಿಸಿ, ಅದರಲ್ಲಿ ಹೇಗೆ ಸಂಚರಿಸಬೇಕೆಂಬ ವಿಷಯದಲ್ಲಿ ಎರಡು ಮಾತುಗಳನ್ನು ಬಿನ್ನವಿಸಿಕೊಳ್ಳುವ ಉದ್ದೇಶದಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ಜಗಳೂರಿನಿಂದಲೇ ಪ್ರಾರಂಭಿಸಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅರಬ್ಬೀ ಸಮುದ್ರದಿಂದ ಏರಿಬಂದ ಮುಂಗಾರಿನ ಮೋಡಗಳು ಸಹ್ಯಾದ್ರಿಯಲ್ಲಿ ತಮ್ಮ ಸರ್ವಸ್ವವನ್ನೂ ಸುರಿದು, ಬರಿಗೈಯಲ್ಲಿ ಬಂದು ತಲಪುವ ಸೀಮೆ ಅದು. ಬರಪೀಡಿತ ತಾಲ್ಲೂಕುಗಳ ಹೆಸರು ಹೇಳುವಾಗ ಜಗಳೂರಿನ ಹೆಸರನ್ನು ಬಿಟ್ಟು ಮಾತನಾಡಿದವರಿಲ್ಲ. ಶೇಂಗಾ, ಈರುಳ್ಳಿ, ಮೆಕ್ಕೆಜೋಳಗಳ ಹೊಲಗಳ ನಡುವೆ ದಾರಿ ನೆಟ್ಟಗೆ ಸಾಗುತ್ತದೆ. ಬೋಳುಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಕುರಿಮಂದೆಗಳು ರಸ್ತೆಯನ್ನು ಅಡ್ಡಹಾಯುವಾಗ ಹಿಂದೆ ಬರುವ ಕುರಿಗಾರನು ಹೆಗಲಿನ ಕಂಬಳಿಯನ್ನು ಸರಿಪಡಿಸಿಕೊಳ್ಳುತ್ತ ನಿಮ್ಮ ಕಡೆಗೆ ಒಮ್ಮೆ ಕೈಯೆತ್ತುತ್ತಾನೆ. ಇಲ್ಲಿಯ ಚೆಲುವು ಕಣ್ಣನ್ನು ತಟ್ಟನೆ ಸೆಳೆಯುವಂಥದಲ್ಲವಾದುದರಿಂದ ಅದಕ್ಕೆ ಸ್ವಲ್ಪ ಕಾಲವನ್ನು ಕೊಡಬೇಕಾಗುತ್ತದೆ. ಕೊಡದಗುಡ್ಡದ ವೀರಭದ್ರನ ಸನ್ನಿಧಿಗೋ ಕೊಣಚಗಲ್ಲಿನ ರಂಗಸ್ವಾಮಿಯ ಬೆಟ್ಟಕ್ಕೋ ಏರಿ, ಇಳಿಬಿಸಿಲಿನಲ್ಲಿ ಕೆಳಗಿನ ಬಯಲನ್ನು ನೋಡಿದವರಿಗೆ ಈ ಮಾತಿನ ಅರ್ಥವನ್ನು ವಿವರಿಸಬೇಕಾಗಿಲ್ಲ.

ಇದೇ ತಾಲ್ಲೂಕಿನಲ್ಲಿ ರಂಗಯ್ಯನದುರ್ಗದ ಕುರುಚಲು ಕಾಡು ಇದೆ. ಸುಮಾರು 77 ಚದರ ಕಿಲೋಮೀಟರ್ ವಿಸ್ತೀರ್ಣದ ಈ ಅರಣ್ಯವನ್ನು 2011ರಲ್ಲಿ ಕೊಂಡುಕುರಿಗೋಸ್ಕರವಾಗಿಯೇ ವನ್ಯಜೀವಿಧಾಮವೆಂದು ಘೋಷಿಸಿದರು. ಕೊಂಡುಕುರಿಯ ಗಂಡಿಗೆ ನಾಲ್ಕು ಕೊಂಬುಗಳು: ಕಿವಿಗಳ ನಡುವೆ ಒಂದು ಜೊತೆ, ಅದರ ಮುಂದೆ ಹಣೆಯ ಮೇಲೆ ಗಿಡ್ಡನೆಯ ಮತ್ತೊಂದು ಜೊತೆ. ಹೆಣ್ಣಿಗೆ ಕೊಂಬಿಲ್ಲ. ಜಿಂಕೆಗಳಂತೆ ಹಿಂಡುಗಟ್ಟದೆ, ಒಂಟಿಯಾಗಿಯೋ ಜೋಡಿಯಾಗಿಯೋ ಪೊದೆಗಳ ಮರೆಯಲ್ಲಿ ಬಾಳುವ, ಕುಡಿಯುವ ನೀರಿನ ತಾವಿನಿಂದ ಬಹುದೂರ ಹೋಗಲಾರದ ಅತ್ಯಂತ ಭೀರುವಾದ ಪ್ರಾಣಿ ಇದು. ಸೈಲೆನ್ಸರನ್ನು ಬದಲಾಯಿಸಿ, ಗುಡುಗಿನಂತೆ ಸದ್ದು ಮಾಡುವ ವಾಹನವನ್ನೇರಿ ಈ ಕಾಡಿನಂಚಿನಲ್ಲಿ ಹಾದುಹೋಗುವವನಿಗೆ ಕೊಂಡುಕುರಿಯ ಬಾಲವೂ ಕಾಣದು ಎಂಬುದಕ್ಕಿಂತ, ಬೇಸಿಗೆಯಲ್ಲಿ ಉಳಿದಿರುವ ಒಂದೆರಡು ನೀರಿನ ಗುಂಡಿಗಳ ಬಳಿಯಿಂದ ಅದು ಬೆದರಿ ಓಡಿದರೆ ಮರಳಿ ಬರುವುದಕ್ಕೆ ಎಷ್ಟು ಹೊತ್ತು ಅಂಜುತ್ತದೆ ಎಂಬುದನ್ನು ನೀವು ಯೋಚಿಸಬೇಕೆಂಬುದು ನನ್ನ ಕೋರಿಕೆ.

ಜಗಳೂರನ್ನು ಬಿಡುವ ಮೊದಲು ಅಲ್ಲಿಯ ಯಾವುದಾದರೊಂದು ಕೆರೆಯ ಏರಿಯ ಮೇಲೆ ನಿಲ್ಲಿರಿ. ಸಿರಿಗೆರೆಯ ತರಳಬಾಳು ಮಠದ ಗುರುಗಳ ಮುಂದಾಳ್ತನದಲ್ಲಿ ರೈತರು ಪಟ್ಟುಹಿಡಿದು ಪಡೆದುಕೊಂಡ ಏತ ನೀರಾವರಿಯ ಫಲವಾಗಿ, ಹರಿಹರದ ಬಳಿಯ ದೀಟೂರಿನಲ್ಲಿ ತುಂಗಭದ್ರೆಯಿಂದ ಎತ್ತಿದ ನೀರನ್ನು ಕೊಳವೆಗಳ ಮೂಲಕ ಈ ಬರದ ನಾಡಿನ 57 ಕೆರೆಗಳಿಗೆ ಹರಿಸುವ ಯೋಜನೆ ಕಾರ್ಯರೂಪಕ್ಕೆ ಬಂದಿತು. ನದಿಯನ್ನು ಕಣ್ಣಿನಿಂದ ಕಾಣದ ಊರುಗಳ ಕೆರೆಯಂಗಳಕ್ಕೆ ಆ ನದಿಯ ನೀರೇ ಬಂದು ನಿಂತಿತೆಂಬುದು ಸಾಮಾನ್ಯವಾದ ಸಂಗತಿಯೇ? ಇನ್ನು ನೀವು ಹಿಡಿಯಲಿರುವ ದಾರಿಯು, ಈ ನೀರು ಬಂದ ದಿಕ್ಕಿಗೆ ಎದುರಾಗಿ ಸಾಗತಕ್ಕದ್ದು. ಮುಂದೆ ಬರುವ ಪ್ರತಿಯೊಂದು ಊರನ್ನೂ ಈ ದೃಷ್ಟಿಯಿಂದ ನೋಡುತ್ತ ಹೋದರೆ, ಬೇರೆ ಬೇರೆಯಾಗಿ ತೋರುವ ನಾಲ್ಕು ತಾಲ್ಲೂಕುಗಳು ಒಂದೇ ಕಥೆಯ ಅಧ್ಯಾಯಗಳೆಂದು ನಿಮಗೇ ವೇದ್ಯವಾಗುವುದು.

ದಾವಣಗೆರೆಯಲ್ಲಿ ಹೆದ್ದಾರಿಯನ್ನು ದಾಟಿ ದಕ್ಷಿಣಕ್ಕೆ ಹೊರಳಿದರೆ ಸಂತೇಬೆನ್ನೂರು. ಕೆಂಗ ಹನುಮಂತಪ್ಪನಾಯಕನು ಹದಿನಾರನೆಯ ಶತಮಾನದಲ್ಲಿ ಕಟ್ಟಿಸಿದ ಪುಷ್ಕರಿಣಿ ಇಲ್ಲಿದೆ. ನೀರಿನ ನಡುವೆ ವಸಂತಮಂಟಪ. ಸುತ್ತಲೂ ಎಂಟು ದಿಕ್ಕುಗಳಲ್ಲಿದ್ದ ಮಂಟಪಗಳ ಪೈಕಿ ಆರು ಇಂದಿಗೂ ನಿಂತಿವೆ. ಕೊಳದ ಮಗ್ಗುಲಲ್ಲಿಯೇ, ಬಿಜಾಪುರದ ಸೇನಾನಿಯಾದ ರಣದುಲ್ಲಾ ಖಾನನ ಹೆಸರಿನೊಡನೆ ಸೇರಿಕೊಂಡಿರುವ ಮುಸಾಫಿರಖಾನೆಯು ತನ್ನ ಕಮಾನುಗಳ ನೆರಳನ್ನು ಚಾಚಿಕೊಂಡಿದೆ. ಮೆಟ್ಟಿಲುಗಳ ಮೇಲೆ ಕುಳಿತುಕೊಳ್ಳಿರಿ, ತಂದ ಬುತ್ತಿಯನ್ನು ಹೊರಗೆ ಉಣ್ಣಿರಿ. ಪ್ಲಾಸ್ಟಿಕ್ ಬಾಟಲಿಯೊಂದನ್ನೂ ಆ ನೀರಿಗೆ ಬಿಡಬೇಡಿರಿ.

ಅಲ್ಲಿಂದ ಮುಂದೆ ಅಡಿಕೆಯ ನಾಡು ಪ್ರಾರಂಭವಾಗುತ್ತದೆ. ಗಂಟೆಯ ಹಿಂದೆ ಬೋಳುಬಯಲನ್ನು ಕಂಡ ಕಣ್ಣಿಗೆ ರಸ್ತೆಯ ಇಕ್ಕೆಲಗಳಲ್ಲಿಯೂ ಸಾಲುಗಟ್ಟಿ ನಿಂತ ತೋಟಗಳ ಕಪ್ಪು ಹಸಿರು ಮೊದಮೊದಲು ನಂಬಲಾಗದಂತೆ ತೋರುತ್ತದೆ. ಕೊಯ್ಲಿನ ಕಾಲದಲ್ಲಿ, ಎಂದರೆ ದಸರೆಯಿಂದ ಸಂಕ್ರಾಂತಿಯ ಆಚೀಚಿನವರೆಗೆ, ನೀವು ಬಂದರೆ ಹಳ್ಳಿಯ ಯಾವುದಾದರೊಂದು ಕಣದ ಬಳಿ ವಾಹನವನ್ನು ನಿಲ್ಲಿಸಿ, ಅನುಮತಿ ಕೇಳಿ ಒಳಹೊಗಿರಿ. ಕೊನೆಗಾರನು ಮರದಿಂದ ಮರಕ್ಕೆ ದಾಟಿ ಇಳಿಸಿದ ಗೊನೆಗಳು ರಾಶಿಯಾಗಿ ಬಿದ್ದಿರುತ್ತವೆ. ಹೆಣ್ಣುಮಕ್ಕಳು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು, ಒಂದೊಂದೇ ಹಸಿ ಅಡಿಕೆಯನ್ನು ಅಲಗಿಗೆ ಒತ್ತಿ, ಸಿಪ್ಪೆಯನ್ನು ಬಿಡಿಸಿ, ಬೆಟ್ಟೆಯನ್ನು ಬುಟ್ಟಿಗೆ ಹಾಕುತ್ತ, ಕೈ ನೋಡದೆ ಮಾತಾಡುತ್ತಿರುತ್ತಾರೆ. ಅತ್ತ ಹಂಡೆಯಲ್ಲಿ ಚೊಗರು ಕುದಿಯುತ್ತಿರುತ್ತದೆ. ಅದರಲ್ಲಿ ಬೆಂದು ಕೆಂಪೇರಿದ ಅಡಿಕೆಯನ್ನು ಬಿಸಿಲಿಗೆ ಹರಡಿದಾಗ ಏಳುವ ಒಗರು ವಾಸನೆ ಬಟ್ಟೆಯಲ್ಲಿ ಸಂಜೆಯವರೆಗೂ ಉಳಿಯುವುದು. ಚನ್ನಗಿರಿಯ ಆರ್ಥಿಕ ಜೀವನವೆಲ್ಲವೂ ಈ ಕೆಂಪು ಬಣ್ಣವನ್ನು ಅವಲಂಬಿಸಿಕೊಂಡಿದೆಯೆಂದರೆ ಅತಿಶಯೋಕ್ತಿಯಾಗಲಾರದು. ತುಮ್ಕೋಸ್ ಎಂದು ಜನಜನಿತವಾಗಿರುವ ಇಲ್ಲಿಯ ಅಡಿಕೆ ಬೆಳೆಗಾರರ ಮಾರಾಟ ಸಹಕಾರ ಸಂಘವು ರಾಜ್ಯದ ಅಡಿಕೆ ವಹಿವಾಟಿನಲ್ಲಿ ಸಂಪಾದಿಸಿಕೊಂಡಿರುವ ಸ್ಥಾನವೇ ಈ ಮಾತಿಗೆ ಸಾಕ್ಷಿ.

ಇನ್ನು ಸೂಳೆಕೆರೆಯ ವಿಷಯ. ಶಾಂತಿಸಾಗರವೆಂಬ ಹೆಸರೂ ಉಂಟಾದರೂ ಜನರ ಬಾಯಲ್ಲಿ ಹಳೆಯ ಹೆಸರೇ ನೆಲೆಯಾಗಿದೆ. ಸ್ವರ್ಗಾವತಿಯೆಂಬ ಪಟ್ಟಣದ ರಾಜಪುತ್ರಿಯಾದ ಶಾಂತವ್ವೆಯು ಇದನ್ನು ಕಟ್ಟಿಸಿದಳೆಂದೂ, ನೆಲದ ಒಡತಿಯರಾಗಿದ್ದ ಗಣಿಕೆಯರು ತಮ್ಮ ಹೆಸರು ಕೆರೆಗೆ ಉಳಿಯಬೇಕೆಂಬ ಕರಾರಿನ ಮೇಲೆ ಭೂಮಿಯನ್ನು ಬಿಟ್ಟುಕೊಟ್ಟರೆಂದೂ, ಆ ಪಟ್ಟಣವೇ ಕೆರೆಯ ಒಡಲನ್ನು ಸೇರಿತೆಂದೂ ಐತಿಹ್ಯವಿದೆ. ಐತಿಹ್ಯ ಹೇಗೇ ಇರಲಿ, ಹನ್ನೊಂದು ಹನ್ನೆರಡನೆಯ ಶತಮಾನಗಳ ಕಾಲದ ಶಿಲ್ಪಿಗಳು ಆರಿಸಿಕೊಂಡ ಸ್ಥಳವನ್ನು ನೋಡಿ ಬೆರಗಾಗದಿರುವುದು ಸಾಧ್ಯವಿಲ್ಲ. ಹರಿದ್ರೆಯೆಂಬ ಹಳ್ಳವು ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಂಡಿಯಲ್ಲಿ ನುಸುಳಿ ಹೋಗುತ್ತಿದ್ದ ಕಡೆಯನ್ನೇ ಗುರುತಿಸಿ, ಅಲ್ಲಿ ಸಾವಿರ ಅಡಿಗಿಂತ ಹೆಚ್ಚಿಲ್ಲದ ಏರಿಯನ್ನು ಅಡ್ಡಗಟ್ಟಿದರು. ಉಳಿದ ಗೋಡೆಯನ್ನೆಲ್ಲ ಗುಡ್ಡಗಳೇ ಒದಗಿಸಿದವು. ಇಷ್ಟು ಚಿಕ್ಕ ಏರಿಯ ಹಿಂದೆ ಸುಮಾರು 6,500 ಎಕರೆ ನೀರು ಹಬ್ಬಿ ನಿಂತಿದೆ. ಉತ್ತರಕ್ಕೆ ಸಿದ್ಧನಾಲೆ, ದಕ್ಷಿಣಕ್ಕೆ ಬಸವನಾಲೆ. ಏಷ್ಯಾಖಂಡದ ಎರಡನೆಯ ದೊಡ್ಡ ಕೆರೆಯೆಂದು ನಮ್ಮ ಜನ ಇದನ್ನು ಅಭಿಮಾನದಿಂದ ಕರೆಯುತ್ತಾರೆ. ಭದ್ರಾ ನಾಲೆಯ ನೀರೂ ಈಗ ಇದನ್ನು ಸೇರುತ್ತದೆ. ಇಲ್ಲಿಂದ ಚಿತ್ರದುರ್ಗದವರೆಗೂ ಕುಡಿಯುವ ನೀರು ಹೋಗುತ್ತದೆ. ಕೋಡಿ ಬಿದ್ದಾಗ ಹೊರಟ ಹರಿದ್ರೆಯಾದರೋ ಹರಿಹರದಲ್ಲಿ ತುಂಗಭದ್ರೆಯನ್ನು ಕೂಡಿಕೊಳ್ಳುತ್ತಾಳೆ.

ನಿಮ್ಮಲ್ಲಿ ಕೆಲವರು ವಿದೇಶಗಳ ಪರ್ವತಮಾರ್ಗಗಳಲ್ಲಿ ವಾಹನ ನಡೆಸುವ ಆಸೆಯುಳ್ಳವರು. ವೇಲ್ಸ್ ದೇಶದ ಎರಿರಿ ಪರ್ವತಗಳ ನಡುವಿನ ದಾರಿಗಳೂ ಎಲಾನ್ ಕಣಿವೆಯ ದಾರಿಯೂ ನಿಮ್ಮವರಲ್ಲಿ ಹೆಸರುವಾಸಿಯಾದವು. ಎಲಾನ್ ಕಣಿವೆಯ ಜಲಾಶಯಗಳನ್ನು 1893ರಿಂದ 1904ರ ಅವಧಿಯಲ್ಲಿ ಕಟ್ಟಿದರು. ಬರ್ಮಿಂಗ್‌ಹ್ಯಾಮ್ ನಗರದ ಬಾಯಾರಿಕೆಯನ್ನು ತಣಿಸುವುದಕ್ಕಾಗಿ, ಯಾವ ಪಂಪಿನ ನೆರವೂ ಇಲ್ಲದೆ, ಕೇವಲ ಇಳಿಜಾರಿನ ಬಲದಿಂದ ನೀರು ಅಲ್ಲಿಂದ 118 ಕಿಲೋಮೀಟರ್ ದೂರ ಹರಿದುಹೋಗುತ್ತದೆ. ಆ ನೀರಿನ ಕೆಳಗೂ ಮನೆಗಳು, ಒಂದು ಇಗರ್ಜಿ, ಒಂದು ಶಾಲೆ ಮುಳುಗಿದವು. ಜನ ಅಲ್ಲಿಗೆ ದೇಶದೇಶಗಳಿಂದ ಬಂದು, ಅಣೆಕಟ್ಟಿನಿಂದ ಅಣೆಕಟ್ಟಿಗೆ ನಿಧಾನವಾಗಿ ಸಾಗುತ್ತ, ಪ್ರತಿಯೊಂದರ ಬಳಿಯಲ್ಲಿಯೂ ನಿಂತು ಅದರ ಕಥೆಯನ್ನು ಓದಿಕೊಂಡು ಹೋಗುತ್ತಾರೆ. ನಮ್ಮ ಸೂಳೆಕೆರೆ ಅದಕ್ಕಿಂತ ಏಳೆಂಟುನೂರು ವರ್ಷಗಳಷ್ಟು ಹಿರಿಯದು. ವಸ್ತುವಿನ ಕೊರತೆ ನಮಗಿಲ್ಲ. ನಿಂತು ನೋಡುವ ವ್ಯವಧಾನದ ಕೊರತೆಯನ್ನು ಮಾತ್ರ ಒಪ್ಪಿಕೊಳ್ಳಬೇಕು. ಕೆರೆಯನ್ನು ಕೈಬೀಸಿ ದಾಟಿಹೋಗದೆ, ಏರಿಯ ಬಳಿಯ ಸಿದ್ದೇಶ್ವರನ ಗುಡಿಯಲ್ಲಿ ಒಂದು ಸಾಯಂಕಾಲವನ್ನು ಕಳೆಯಿರೆಂದು ನನ್ನ ಸಲಹೆ.

ಚನ್ನಗಿರಿಯಲ್ಲಿ ಕೋಟೆಯ ಗುಡ್ಡವಿದೆ, ಅದರ ಮೇಲೆ ರಂಗನಾಥನಿದ್ದಾನೆ. 1671ರಿಂದ 1696ರವರೆಗೆ ಆಳಿದ ಕೆಳದಿಯ ಚೆನ್ನಮ್ಮಾಜಿಯ ಹೆಸರು ಈ ಊರಿಗೆ ಅಂಟಿದೆಯೆಂದು ಪ್ರತೀತಿ. ಅದಕ್ಕೆ ಸಮೀಪದ ಹೊದಿಗೆರೆಯಲ್ಲಿ, ರಣದುಲ್ಲಾ ಖಾನನೊಡನೆ ಕರ್ನಾಟಕಕ್ಕೆ ದಂಡೆತ್ತಿ ಬಂದಿದ್ದ ಶಹಾಜಿ ಭೋಂಸಲೆಯ ಸಮಾಧಿಯಿದೆ. ಬಾಳೆಲ್ಲವನ್ನೂ ಕುದುರೆಯ ಬೆನ್ನಿನ ಮೇಲೆಯೇ ಕಳೆದ ಆ ಸರದಾರನು 1664ರ ಜನವರಿಯಲ್ಲಿ ಈ ಕಾಡಿನಲ್ಲಿ ಬೇಟೆಯಾಡುತ್ತಿದ್ದಾಗ ಕುದುರೆಯಿಂದ ಬಿದ್ದು ಮಡಿದನು. ಅವನ ಮೊಮ್ಮಗನಾದ ರಾಜಾರಾಮನು ಮೊಗಲರಿಗೆ ಸಿಕ್ಕದೆ ಪಲಾಯನ ಮಾಡುತ್ತಿದ್ದಾಗ ಧೈರ್ಯದಿಂದ ಆಶ್ರಯವಿತ್ತವಳು ಇದೇ ಚೆನ್ನಮ್ಮಾಜಿ. ಇಂಥ ಎರಡು ಸ್ಮೃತಿಗಳು ಒಂದೇ ತಾಲ್ಲೂಕಿನಲ್ಲಿ ಅಕ್ಕಪಕ್ಕದಲ್ಲಿರುವುದನ್ನು ನೆನೆದಾಗ ನನ್ನ ಮನಸ್ಸು ಪ್ರತಿಸಲವೂ ಪುಲಕಿತವಾಗುತ್ತದೆ. ಸಮಾಧಿಯ ಮುಂದೆ ನಿಂತು ಛಾಯಾಚಿತ್ರ ತೆಗೆದುಕೊಳ್ಳುವ ಸವಾರಮಿತ್ರರು, ಅಶ್ವವಿದ್ಯೆಯಲ್ಲಿ ಪಳಗಿದವನನ್ನೂ ವೇಗವು ಬಿಡಲಿಲ್ಲವೆಂಬುದನ್ನು ಅರೆಕ್ಷಣ ಚಿಂತಿಸಿ, ಹೆಲ್ಮೆಟ್ಟಿನ ಪಟ್ಟಿಯನ್ನು ಬಿಗಿಯಾಗಿ ಕಟ್ಟಿಕೊಂಡು ಮುಂದೆ ಹೊರಡಬೇಕೆಂದು ಕೋರುತ್ತೇನೆ. ಉಬ್ರಾಣಿ, ಜೋಳದಾಳುಗಳ ಕಡೆಗೆ ಹೋಗುವ ಮನಸ್ಸಾದರೆ ಹಗಲಿನಲ್ಲಿಯೇ ಹೋಗಿ ಬನ್ನಿರಿ. ಭದ್ರಾ ಅಭಯಾರಣ್ಯದ ಕಡೆಯಿಂದ ಆ ಕಾಡುಗಳಿಗೆ ಆನೆಗಳು ಬರುವುದುಂಟು.

ಪಶ್ಚಿಮಕ್ಕೆ ಬಸವಾಪಟ್ಟಣವನ್ನು ದಾಟಿ ಹೊನ್ನಾಳಿಯನ್ನು ಸಮೀಪಿಸುತ್ತಿರುವಂತೆ ಭತ್ತದ ಗದ್ದೆಗಳು ವಿಸ್ತರಿಸುತ್ತವೆ, ಗಾಳಿಯಲ್ಲಿ ತಂಪು ಸೇರುತ್ತದೆ, ಕಡೆಗೆ ಸೇತುವೆಯ ಕೆಳಗೆ ತುಂಗಭದ್ರೆ ಕಾಣಿಸಿಕೊಳ್ಳುತ್ತಾಳೆ. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ, ತುಂಗಭದ್ರೆಯೆಂಬ ಹೆಸರನ್ನು ಆಗತಾನೇ ಪಡೆದು ಬಂದಿರುವ ನದಿ ಇದು. ಎಡದಂಡೆಯ ಮೇಲೆ ಊರು. ಊರಿನಲ್ಲಿ ಹಿರೇಕಲ್ಮಠ, ರಾಘವೇಂದ್ರಸ್ವಾಮಿಗಳ ಮಠ. ಜಗಳೂರಿನ ಕೆರೆಯ ಏರಿಯ ಮೇಲೆ ನಿಂತು ನೀವು ನೋಡಿದ ನೀರು ಈ ಸೇತುವೆಯ ಕೆಳಗೆ ಹರಿದುಹೋದದ್ದೇ. ಇಲ್ಲಿ ಅದು ಯಾರ ಅಪ್ಪಣೆಯೂ ಇಲ್ಲದೆ ತುಂಬಿ ಹರಿಯುತ್ತದೆ; ಅಲ್ಲಿಯವರು ಒಂದೊಂದು ಅಡಿ ನೀರಿಗೂ ವರ್ಷಗಟ್ಟಲೆ ಕಾದರು. ಒಂದೇ ಜಿಲ್ಲೆಯ ಎರಡು ತುದಿಗಳ ಈ ಅಂತರವನ್ನು ಅಂಕಿಅಂಶಗಳ ಪುಸ್ತಕದಲ್ಲಿ ಓದಿ ತಿಳಿಯುವುದಕ್ಕೂ, ಒಂದೆರಡು ದಿನಗಳ ದಾರಿಯಲ್ಲಿ ಮೈಮೇಲಿನ ಗಾಳಿಯಿಂದಲೇ ಅರಿಯುವುದಕ್ಕೂ ಬಹಳ ವ್ಯತ್ಯಾಸವಿದೆ. ನಾನು ನಿಮ್ಮನ್ನು ಈ ದಾರಿಗೆ ಕರೆಯುತ್ತಿರುವುದು ಮುಖ್ಯವಾಗಿ ಇದಕ್ಕಾಗಿ.

ಹೊನ್ನಾಳಿಯಿಂದ ಬೇರ್ಪಟ್ಟು ಈಚಿನ ವರ್ಷಗಳಲ್ಲಿ ತಾಲ್ಲೂಕಾದ ನ್ಯಾಮತಿ ಈ ದಾರಿಯ ಕೊನೆಯ ಘಟ್ಟ. ಬೆಳಗುತ್ತಿಯ ಹತ್ತಿರದ ತೀರ್ಥರಾಮೇಶ್ವರದಲ್ಲಿ ಕಾಡಿನ ನಡುವಿನ ಗುಡ್ಡದಿಂದ ಒಸರುವ ನೀರನ್ನು ಶ್ರೀರಾಮನ ಬಾಣದಿಂದ ಚಿಮ್ಮಿದ ತೀರ್ಥವೆಂದು ಜನ ತಲೆಯ ಮೇಲೆ ಪ್ರೋಕ್ಷಿಸಿಕೊಳ್ಳುತ್ತಾರೆ. ಆದರೆ ನಿಮ್ಮಂಥ ಸಂಚಾರಿಗಳು ತಪ್ಪದೆ ಹೋಗಬೇಕಾದ ಸ್ಥಳ ಇನ್ನೊಂದಿದೆ: ಸೂರಗೊಂಡನಕೊಪ್ಪ. 1739ರಲ್ಲಿ ಸಂತ ಸೇವಾಲಾಲರು ಜನಿಸಿದ ನೆಲವೆಂದು ಬಂಜಾರ ಸಮುದಾಯವು ಪೂಜಿಸುವ ಈ ಕ್ಷೇತ್ರಕ್ಕೆ, ಫೆಬ್ರವರಿ 15ರ ಜಯಂತಿಯ ವೇಳೆಗೆ ಕರ್ನಾಟಕದ ತಾಂಡಾಗಳಿಂದಲೂ ಆಂಧ್ರ, ತೆಲಂಗಾಣ, ಮಹಾರಾಷ್ಟ್ರಗಳಿಂದಲೂ ಮಾಲೆ ಧರಿಸಿದ ಭಕ್ತರು ನಡೆದು ಬರುತ್ತಾರೆ. ಲಂಬಾಣಿಗರ ಪೂರ್ವಿಕರು ಯಾರು? ಸಾವಿರಾರು ಎತ್ತುಗಳ ಬೆನ್ನಿನ ಮೇಲೆ ದವಸವನ್ನೂ ಉಪ್ಪನ್ನೂ ಹೇರಿಕೊಂಡು, ಹೆಂಡಿರು ಮಕ್ಕಳೊಡನೆ, ಹಿಂದೂಸ್ಥಾನದ ಉದ್ದಗಲಕ್ಕೂ ದಾರಿಗಳನ್ನು ತುಳಿದು ತುಳಿದು ನಿರ್ಮಿಸಿದವರು. ದಂಡುಗಳು ಯುದ್ಧಕ್ಕೆ ಹೊರಟಾಗ ಅವುಗಳಿಗೆ ಆಹಾರವನ್ನು ಒದಗಿಸಿದವರು. ರೈಲೂ ಪಕ್ಕಾ ರಸ್ತೆಗಳೂ ಬಂದ ಮೇಲೆ ಅವರ ಹೇರೆತ್ತಿನ ವ್ಯಾಪಾರ ಮುರಿದುಬಿದ್ದಿತು, ಅಲೆದಾಟದ ಬಾಳು ತಾಂಡಾಗಳಲ್ಲಿ ನೆಲೆನಿಂತಿತು. ವಿನೋದಕ್ಕಾಗಿ ದಾರಿ ಹಿಡಿದಿರುವ ನಾವು, ಬದುಕಿಗಾಗಿ ದಾರಿಯನ್ನೇ ಮನೆ ಮಾಡಿಕೊಂಡಿದ್ದವರ ಈ ಕ್ಷೇತ್ರದಲ್ಲಿ ತಲೆಬಾಗಿ ನಿಲ್ಲುವುದು ಉಚಿತವಾದದ್ದು. ಫೆಬ್ರವರಿಯಲ್ಲಿ ಬರುವುದಾದರೆ, ನಸುಕಿನಲ್ಲಿಯೂ ಇರುಳಿನಲ್ಲಿಯೂ ರಸ್ತೆಯ ಅಂಚನ್ನು ಹಿಡಿದು ಬರಿಗಾಲಿನಲ್ಲಿ ಸಾಗುವ ಆ ಯಾತ್ರಿಕರನ್ನು ಮರೆಯದೆ ವಾಹನ ನಡೆಸಿರಿ. ಇಲ್ಲಿಂದ ಸವಳಂಗದ ಮೇಲೆ ಶಿವಮೊಗ್ಗಕ್ಕೋ ಶಿಕಾರಿಪುರಕ್ಕೋ ದಾರಿಯುಂಟು. ಘಟ್ಟಗಳು ಬೇಕೆಂದವರು ಮುಂದೆ ಸಾಗಬಹುದು.

ಈಗ ನನ್ನ ಮುಖ್ಯ ಬಿನ್ನಹ. ನಾನು ಹೇಳಿದ ರಸ್ತೆಗಳು ಹೆದ್ದಾರಿಗಳಲ್ಲ, ಹಳ್ಳಿಗಳ ಅಂಗಳಗಳು. ಸುಗ್ಗಿಯಲ್ಲಿ ಇವುಗಳ ಅರ್ಧಭಾಗದ ಮೇಲೆ ಮೆಕ್ಕೆಜೋಳ ಒಣಗುತ್ತಿರುತ್ತದೆ, ಅಂಚಿಗೆ ಕಲ್ಲುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ರಾಗಿ, ಹುರುಳಿಗಳ ಹುಲ್ಲನ್ನು ಗಾಲಿಗಳು ತುಳಿಯಲೆಂದು ಅಡ್ಡಲಾಗಿ ಹರಡಿರುತ್ತಾರೆ. ಹುರುಳಿಯ ಒಣಬಳ್ಳಿಯ ಮೇಲೆ ದ್ವಿಚಕ್ರ ವಾಹನ ಜಾರುತ್ತದೆ. ಕಾರಿನ ಅಡಿಯಲ್ಲಿ ಸುತ್ತಿಕೊಂಡ ಸೊಪ್ಪು ಬಿಸಿಗೆ ಹೊತ್ತಿಕೊಂಡು ಅನಾಹುತಗಳಾಗಿವೆ. ರಸ್ತೆಯಲ್ಲಿ ಒಕ್ಕಣೆ ಮಾಡುವುದು ತಪ್ಪೆಂದು ನಾನು ನಮ್ಮ ರೈತಬಂಧುಗಳಿಗೂ ಹೇಳುತ್ತೇನೆ. ಆದರೆ ಹಿಂದೆ ಪ್ರತಿಯೊಂದು ಹೊಲಕ್ಕೂ ಇದ್ದ ಕಣ ಈಗಿಲ್ಲ. ಕಣವನ್ನು ಮಾಡಿ, ಸಗಣಿ ಸಾರಿಸಿ, ರೋಣಗಲ್ಲು ಎಳೆಸುವಷ್ಟು ಆಳುಗಳೂ ಎತ್ತುಗಳೂ ಉಳಿದಿಲ್ಲ. ಹಳ್ಳಿಗೊಂದು ಸಿಮೆಂಟಿನ ಒಕ್ಕಣೆ ಕಣವನ್ನು ಪಂಚಾಯಿತಿಗಳು ಕಟ್ಟಿಸಿಕೊಡುವವರೆಗೆ ಬಡ ರೈತನು ರಸ್ತೆಯನ್ನು ಬಿಡಲಾರನು. ಅವನ ಮೇಲೆ ಹಾರ್ನು ಮೊಳಗಿಸಿ ಸಿಟ್ಟು ತೀರಿಸಿಕೊಳ್ಳುವುದಕ್ಕಿಂತ ವೇಗವನ್ನು ಇಳಿಸುವುದು ಮನುಷ್ಯೋಚಿತವಾದದ್ದು.

ವೇಲ್ಸಿನ ಮಾತನ್ನೇ ಇನ್ನೊಮ್ಮೆ ಎತ್ತುವೆನು. ಸವಾರರ ಸ್ವರ್ಗವೆನಿಸಿದ ಆ ದೇಶದಲ್ಲಿ 2023ರ ಸೆಪ್ಟೆಂಬರ್ 17ರಿಂದ ಜನವಸತಿಯ ರಸ್ತೆಗಳ ಸಾಮಾನ್ಯ ವೇಗಮಿತಿಯನ್ನು ಗಂಟೆಗೆ 30 ಮೈಲಿಯಿಂದ 20 ಮೈಲಿಗೆ, ಎಂದರೆ ಸುಮಾರು 32 ಕಿಲೋಮೀಟರಿಗೆ ಇಳಿಸಿದರು. ಬಹಳ ವಿರೋಧ ಬಂದಿತು. ಕೆಲವು ರಸ್ತೆಗಳನ್ನು ಅದರಿಂದ ಹೊರಗಿಡುವ ವಿಚಾರವೂ ನಡೆಯಿತು. ಆದರೂ ಮಗುವೊಂದು ಬೀದಿಗೆ ಓಡಿಬಂದಾಗ ಬದುಕಿ ಉಳಿಯಬೇಕಾದರೆ ಈ ಮಿತಿ ಬೇಕೆಂಬ ತತ್ತ್ವವನ್ನು ಆ ಸರ್ಕಾರ ಕೈಬಿಡಲಿಲ್ಲ. ನಮ್ಮಲ್ಲಿ ಅಂಥ ಕಾನೂನು ಬರುವವರೆಗೆ ಕಾಯಬೇಕಾದ ಅಗತ್ಯವೇನು? ಕೆರೆಬಿಳಚಿಯಲ್ಲಿಯೂ ಬಸವಾಪಟ್ಟಣದಲ್ಲಿಯೂ ಬೆಳಗುತ್ತಿಯಲ್ಲಿಯೂ ಶಾಲೆ ಬಿಡುವ ಹೊತ್ತಿಗೆ ಮಕ್ಕಳು ರಸ್ತೆಯ ತುಂಬ ನಡೆಯುತ್ತಿರುತ್ತಾರೆ, ದನಗಳು ಮನೆಗೆ ಮರಳುತ್ತಿರುತ್ತವೆ.

ಮಳೆ ನಿಂತು ಕೆರೆಗಳು ತುಂಬಿರುವ ಕಾರ್ತಿಕ ಮಾರ್ಗಶಿರಗಳಲ್ಲಿ ಬನ್ನಿರಿ. ಎರಡು ದಿನಗಳ ಬಿಡುವು ಮಾಡಿಕೊಂಡು ಬನ್ನಿರಿ. ಊಟವನ್ನು ಊರಿನ ಖಾನಾವಳಿಯಲ್ಲಿ ಮಾಡಿರಿ, ವಾಹನದ ಪಂಕ್ಚರನ್ನು ಊರಿನ ಅಂಗಡಿಯಲ್ಲಿಯೇ ಹಾಕಿಸಿರಿ, ದಾರಿಯನ್ನು ಫೋನಿಗಿಂತ ಮೊದಲು ಕಟ್ಟೆಯ ಮೇಲೆ ಕುಳಿತ ಹಿರಿಯರಲ್ಲಿ ಕೇಳಿರಿ. ಊರಿನ ಫಲಕ ಕಂಡ ಕೂಡಲೇ ವೇಗವನ್ನು 30 ಕಿಲೋಮೀಟರಿಗೆ ಇಳಿಸುವೆವೆಂದು ನಿಮ್ಮ ತಂಡಗಳು ತಾವಾಗಿಯೇ ಒಂದು ನಿಯಮವನ್ನು ಮಾಡಿಕೊಳ್ಳಲಿ. ಈ ನಾಲ್ಕು ತಾಲ್ಲೂಕುಗಳ ಜನರ ಪರವಾಗಿ ನಾನು ನಿಮ್ಮನ್ನು ಕೇಳಿಕೊಳ್ಳುವುದು ಇದೊಂದನ್ನೇ.

ಇತಿ ನಿಮ್ಮ ವಿಶ್ವಾಸಿ,
ಚನ್ನಗಿರಿ ತಾಲ್ಲೂಕಿನ ಒಬ್ಬ ನಿವಾಸಿ